ಭೂಗೋಳ ಪ್ರಾಜೆಕ್ಟ್‌ಗೆ ಯಾವ ವಿಷಯ ತಗೊಳ್ಳಲಿ? ಊರು ಕೋಲಾರ ತಾಲ್ಲೂಕು

ನರಸಾಪುರ_ರಸ್ತೆ
ಎಲ್ಲರಿಗೂ ನಮಸ್ಕಾರ. ನಾನು ಬಿಎ ಕೊನೆಯ ವರ್ಷ, ಭೂಗೋಳ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಇದೆ. ಊರಿಗೆ ಹೋಗಿ ಮಾಹಿತಿ ತರಲೇಬೇಕು, ನಕ್ಷೆ ಇರಲೇಬೇಕು. ಮೊದಲು "ಹವಾಮಾನ ಬದಲಾವಣೆ ಮತ್ತು ಕರ್ನಾಟಕದ ಕೃಷಿ" ಅಂತ ಬರೆದುಕೊಟ್ಟೆ. ಗೈಡ್ ಮೇಡಂ ಒಪ್ಪಲಿಲ್ಲ, ಇಷ್ಟು ದೊಡ್ಡದು ಬೇಡ ಅಂದರು. ಆಮೇಲೆ "ಕೋಲಾರ ಜಿಲ್ಲೆಯ ನೀರಿನ ಸಮಸ್ಯೆ" ಅಂದೆ. ಯಾವ ನೀರು, ಯಾರ ಸಮಸ್ಯೆ, ಎಲ್ಲಿ ನಿಂತು ಏನು ಅಳೆಯುತ್ತೀಯ ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಪೈಪ್‌ನಲ್ಲಿ ಕೋಲಾರಕ್ಕೆ ಕಳಿಸುವ ನೀರು, ಬಂದಿರುವ ಕೆರೆ ಇದೆ. ಬೈಕ್ ಇದೆ, ಫೋನ್ ಇದೆ, ದುಡ್ಡು ಜಾಸ್ತಿ ಇಲ್ಲ. ಸ್ನೇಹಿತರು ಅಂಗಡಿಯಲ್ಲಿ ರೆಡಿ ಪ್ರಾಜೆಕ್ಟ್ ಸಿಗುತ್ತೆ ಅನ್ನುತ್ತಾರೆ, ನನಗೆ ಅದು ಬೇಡ. ನಿಜವಾಗಿ ಏನಾದರೂ ಮಾಡಬೇಕು ಅಂತ ಆಸೆ. ವಿಷಯ ಆರಿಸುವುದು ಹೇಗೆ, ದಯವಿಟ್ಟು ಹೇಳಿ.

ಆಗುಂಬೆ_ಮಳೆ
ಮಳೆ ಬಗ್ಗೆ ಮಾಡು. ನಮ್ಮಲ್ಲಿ ವರ್ಷಕ್ಕೆ 7000 ಮಿಮೀ ದಾಟುತ್ತೆ, ಚಳ್ಳಕೆರೆಯಲ್ಲಿ 500 ಬಂದರೆ ದೊಡ್ಡದು. ಒಂದೇ ರಾಜ್ಯ!

ಭೂಗೋಳದ_ಮೇಷ್ಟ್ರು
ಆಗುಂಬೆಯವರೇ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಘಟ್ಟ ಮೋಡ ತಡೆಯುತ್ತದೆ, ಆಚೆ ಬದಿ ಮಳೆ ನೆರಳು. ಹುಡುಗ ಅಲ್ಲಿ ಹೊಸದಾಗಿ ಏನು ಕಂಡುಹಿಡಿಯಬೇಕು?

ತಮ್ಮಾ, ನಿಮ್ಮ ಮೇಡಂ ಕೇಳಿದ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನಾನು ಹಳ್ಳಿ ಕಡೆ ಕಾಲೇಜುಗಳಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು. ರಾಶಿ ಪ್ರಾಜೆಕ್ಟ್ ನೋಡಿದ್ದೇನೆ. ಕೆಟ್ಟವುಗಳ ಹೆಸರೆಲ್ಲ "ಸಮಸ್ಯೆ", "ಅಧ್ಯಯನ", "ಒಂದು ನೋಟ" ಅಂತ ಮುಗಿಯುತ್ತಿದ್ದವು. ಒಳ್ಳೆಯವುಗಳ ಹೆಸರು ಪ್ರಶ್ನೆಯಾಗಿರುತ್ತಿತ್ತು, ಆ ಪ್ರಶ್ನೆಗೆ ಹೌದು ಅಂತಲೂ ಇಲ್ಲ ಅಂತಲೂ ಉತ್ತರ ಬರಬಹುದಿತ್ತು. ಉತ್ತರ ಮೊದಲೇ ಗೊತ್ತಿದ್ದರೆ ಹೊಲಕ್ಕೆ ಹೋಗುವುದು ಯಾಕೆ?

ಒಂದು ಕೆಲಸ ಮಾಡು. ಕೆರೆ ಏರಿ ಮೇಲೆ ಹೋಗಿ ನಿಂತುಕೋ. ಕಣ್ಣಿಗೆ ಕಾಣುವುದನ್ನೆಲ್ಲ ಬರಿ. ಆಮೇಲೆ ಪ್ರತಿಯೊಂದರ ಮುಂದೆ "ಇದು ಇಲ್ಲೇ ಯಾಕಿದೆ, ಅಲ್ಲಿ ಯಾಕಿಲ್ಲ" ಅಂತ ಕೇಳು. ಭೂಗೋಳದ ಪ್ರಶ್ನೆ ಹುಟ್ಟುವುದು ಅಲ್ಲೇ.

ಉಪಗ್ರಹ_ನೋಟ
ಗುರು, ಇದೆಲ್ಲ ಬೇಡ, ನಾನು ಸುಲಭದ ದಾರಿ ಹೇಳುತ್ತೇನೆ. ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದ ಇವೆ, 10 ಮೀಟರ್ ಸ್ಪಷ್ಟತೆ, ಅದೂ ಉಚಿತ. ಇನ್ನೂ ಹಿಂದಕ್ಕೆ ಬೇಕಾದರೆ ಲ್ಯಾಂಡ್‌ಸ್ಯಾಟ್ ಇದೆ, 1972ರಿಂದ. ನಿಮ್ಮ ಕೆರೆಗೆ ನೀರು ಬರುವ ಮುಂಚಿನ ಬೇಸಿಗೆಯ ಚಿತ್ರ, ಬಂದ ಮೇಲಿನ ಬೇಸಿಗೆಯ ಚಿತ್ರ ಎರಡನ್ನೂ ಇಳಿಸಿಕೊಂಡು ಹಸಿರು ಎಷ್ಟು ಹೆಚ್ಚಾಗಿದೆ ಅಂತ ಲೆಕ್ಕ ಹಾಕು. ಹಾಸ್ಟೆಲ್‌ನಲ್ಲಿ ಕೂತೇ ಮುಗಿಸಬಹುದು.

ಭೂಗೋಳದ_ಮೇಷ್ಟ್ರು
ಹಾಸ್ಟೆಲ್‌ನಲ್ಲಿ ಕೂತು ಮುಗಿಸುವುದಾದರೆ ಅದಕ್ಕೆ ಕ್ಷೇತ್ರಕಾರ್ಯ ಅನ್ನುವುದು ಯಾಕೆ ಸ್ವಾಮಿ? ಮೇಲಿಂದ ನೋಡಿದರೆ ನೀಲಗಿರಿ ತೋಪೂ ಹಸಿರು, ಮಾವಿನ ತೋಟವೂ ಹಸಿರು, ಕೆರೆಯಲ್ಲಿ ಬೆಳೆದ ಜೊಂಡೂ ಹಸಿರು.

ಉಪಗ್ರಹ_ನೋಟ
ಸರ್, ಅದನ್ನು ಬೇರ್ಪಡಿಸಲು ದಾರಿಗಳಿವೆ. ಬೇರೆ ಬೇರೆ ತಿಂಗಳ ಚಿತ್ರ ತಗೊಂಡರೆ ರಾಗಿ ಹೊಲ ಯಾವುದು, ವರ್ಷವಿಡೀ ಹಸಿರಾಗಿರುವ ತೋಪು ಯಾವುದು ಗೊತ್ತಾಗುತ್ತೆ. ನೀವು ಉಪಗ್ರಹವನ್ನು ಸುಮ್ನೆ ತಳ್ಳಿಹಾಕುತ್ತಿದ್ದೀರಿ.

ಭೂಗೋಳದ_ಮೇಷ್ಟ್ರು
ತಳ್ಳಿಹಾಕುತ್ತಿಲ್ಲ. ಚಿತ್ರದಲ್ಲಿ ಕಂಡದ್ದು ನಿಜವಾ ಅಂತ ನೋಡಲು ಕಾಲು ಬೇಕು ಅನ್ನುತ್ತಿದ್ದೇನೆ ಅಷ್ಟೇ.

ಪಾವಗಡದವಳು
ನಾನು ಎಂಎಗೆ ಪಾವಗಡದ ಸೋಲಾರ್ ಪಾರ್ಕ್ ತಗೊಂಡಿದ್ದೆ. 2050 ಮೆಗಾವಾಟ್, ಸುಮಾರು 13,000 ಎಕರೆ, ತಿರುಮಣಿ, ವಳ್ಳೂರು ಕಡೆಯ ಐದು ಊರುಗಳ ಜಮೀನು. ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ತಗೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎಲ್ಲರೂ "ಸೋಲಾರ್ ಪಾರ್ಕ್‌ನ ಪರಿಣಾಮಗಳು" ಅಂತ ಹೆಸರಿಡು ಅಂದರು. ನಾನು ಒಂದೇ ಒಂದು ವಿಷಯ ಹಿಡಿದುಕೊಂಡೆ: ಕುರಿ ಈಗ ಎಲ್ಲಿ ಮೇಯುತ್ತವೆ? ಜಮೀನು ಇದ್ದವರಿಗೆ ಬಾಡಿಗೆ ಬಂತು. ಜಮೀನು ಇಲ್ಲದ ಕುರಿಗಾಹಿಗೆ ಮೇವಿನ ಜಾಗ ಹೋಯಿತು. ಬೇಲಿ ಹಾಕಿದ ಮೇಲೆ ಅವರು ಸುತ್ತಿ ಹೋಗಬೇಕು. ಅವರ ಜೊತೆ ನಡೆದು ಫೋನ್‌ನಲ್ಲಿ ದಾರಿ ಗುರುತು ಹಾಕಿಕೊಂಡೆ, ಹಳೇ ದಾರಿ ಯಾವುದು ಅಂತ ಅವರಿಂದಲೇ ಕೇಳಿ ನಕ್ಷೆಯಲ್ಲಿ ಎಳೆದೆ. ಎರಡು ಬಣ್ಣದ ಎರಡು ಗೆರೆ, ಪ್ರಾಜೆಕ್ಟ್‌ನ ಜೀವ ಅದರಲ್ಲೇ ಇತ್ತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ನಕ್ಷೆ ಬಿಟ್ಟು ಬೇರೇನೂ ಕೇಳಲಿಲ್ಲ.

ಅದಕ್ಕೇ ಹೇಳುವುದು, ವಿಷಯ ಚಿಕ್ಕದು ಮಾಡು. ಚಿಕ್ಕದು ಮಾಡಿದರೆ ಬರೆಯಲು ಏನೂ ಇರಲ್ಲ ಅಂತ ಭಯ ಆಗುತ್ತೆ. ಆಗುವುದು ಅದಕ್ಕೆ ಪೂರ್ತಿ ಉಲ್ಟಾ.

ಸಂತೆ_ಸುತ್ತಾಟ
ಸಂತೆ ಮಾಡಿ ಸಂತೆ! ಯಾರೂ ಮಾಡುವುದಿಲ್ಲ. ಪ್ರತಿ ಹೋಬಳಿಯಲ್ಲೂ ವಾರದ ಸಂತೆ ಇದೆ. ಹತ್ತಿರದ ಎರಡು ಊರಲ್ಲಿ ಒಂದೇ ದಿನ ಸಂತೆ ಇರುತ್ತಾ, ಬೇರೆ ಬೇರೆ ದಿನವಾ? ವ್ಯಾಪಾರಿ ಸೋಮವಾರ ಎಲ್ಲಿ, ಮಂಗಳವಾರ ಎಲ್ಲಿ? ಒಬ್ಬ ಬಟ್ಟೆ ವ್ಯಾಪಾರಿಯನ್ನೋ ಒಣಮೀನು ಮಾರುವವರನ್ನೋ ಹಿಡಿದು ಅವರ ವಾರದ ಸುತ್ತು ನಕ್ಷೆ ಮೇಲೆ ಹಾಕಿ. ಕ್ರಿಸ್ಟಾಲರ್ 1933ರಲ್ಲಿ ಜರ್ಮನಿಯ ಊರುಗಳನ್ನು ನೋಡಿ ಕೇಂದ್ರ ಸ್ಥಳ ಸಿದ್ಧಾಂತ ಬರೆದ (ದೊಡ್ಡ ಊರು, ಸಣ್ಣ ಊರು ಎಷ್ಟೆಷ್ಟು ದೂರದಲ್ಲಿರುತ್ತವೆ, ಜನ ಯಾವುದಕ್ಕೆ ಎಷ್ಟು ದೂರ ಹೋಗುತ್ತಾರೆ ಅನ್ನುವುದು), ನಾವು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತೇವೆ. ನಮ್ಮೂರ ಸಂತೆಯಲ್ಲಿ ನಿಂತು ಅದು ಹೊಂದುತ್ತಾ ಅಂತ ನೋಡಿದವರು ಎಷ್ಟು ಜನ? ಸೊಪ್ಪು ಕೊಳ್ಳಲು ಬಂದವರು ಎಷ್ಟು ದೂರದಿಂದ ಬಂದಿದ್ದಾರೆ, ಎತ್ತು ಕೊಳ್ಳಲು ಬಂದವರು ಎಷ್ಟು ದೂರದಿಂದ ಬಂದಿದ್ದಾರೆ, ಇಷ್ಟು ಕೇಳಿದರೆ ಸಾಕು. ಖರ್ಚು ಬಸ್ ಚಾರ್ಜ್ ಮಾತ್ರ.

ಆಗುಂಬೆ_ಮಳೆ
ಇದು ಸಖತ್ತಾಗಿದೆ. ನಾನು ವಿದ್ಯಾರ್ಥಿ ಆಗಿದ್ದರೆ ಇದನ್ನೇ ಮಾಡುತ್ತಿದ್ದೆ.

ಕಡಲತಡಿ
ನಮ್ಮ ಕಡೆ ಬಿಎಸ್ಸಿ ಮಕ್ಕಳೆಲ್ಲ ಕಡಲ್ಕೊರೆತ ತಗೊಳ್ಳುತ್ತಾರೆ. ಉಳ್ಳಾಲ, ಮರವಂತೆ. ವಿಷಯ ಒಳ್ಳೆಯದೇ. ಆದರೆ ಸೆಮಿಸ್ಟರ್ ಯಾವಾಗ ನಡೆಯುತ್ತೆ ಅಂತ ನೋಡುವುದಿಲ್ಲ. ದಡ ಕೊರೆಯುವುದು ಮಳೆಗಾಲದಲ್ಲಿ, ಆಗ ಅಲೆ ಹತ್ತಿರ ಹೋಗಿ ಅಳೆಯಲು ಆಗುವುದಿಲ್ಲ, ಹೋಗಲೂ ಬಾರದು. ಡಿಸೆಂಬರ್‌ನಲ್ಲಿ ಹೋದರೆ ಮರಳು ವಾಪಸ್ ಬಂದು ಕೂತಿರುತ್ತೆ, ಕೊರೆತವೇ ಕಾಣುವುದಿಲ್ಲ. ಬಂದರಿಗೆ ಹೋಗಿ ಮೀನುಗಾರಿಕೆ ಮಾಡುತ್ತೇನೆ ಅಂದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ವಿಷಯ ಆರಿಸುವ ಮೊದಲು ಕ್ಯಾಲೆಂಡರ್ ನೋಡಿ ಅಂತ ಹೇಳಲು ಇಷ್ಟೆಲ್ಲ ಬರೆದೆ.

ಲೆಸ್ಟರ್_ಕನ್ನಡತಿ
ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಇಲ್ಲಿ ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಭೂಗೋಳ ಓದುತ್ತಿದ್ದಾಳೆ. ಇಲ್ಲಿ ಇಂಥದ್ದೇ ಸ್ವತಂತ್ರ ತನಿಖೆ ಇದೆ, ಒಟ್ಟು ಅಂಕದಲ್ಲಿ 20 ಶೇಕಡಾ, ಮೂರರಿಂದ ನಾಲ್ಕು ಸಾವಿರ ಪದ. ಪ್ರಶ್ನೆಯನ್ನು ವಿದ್ಯಾರ್ಥಿಯೇ ಹುಡುಕಬೇಕು, ಟೀಚರ್ ಇದೇ ಮಾಡು ಅಂತ ಕೊಡುವ ಹಾಗಿಲ್ಲ. ಅವಳು ಊರಿನ ಹೊಳೆ ಪಕ್ಕದ ಬೀದಿಗಳಲ್ಲಿ ಪ್ರವಾಹದ ಭಯ ಬಗ್ಗೆ ಮಾಡುತ್ತಿದ್ದಾಳೆ. ನಿಜವಾಗಿ ಅಪಾಯ ಇರುವ ಬೀದಿಯವರಿಗೆ ಭಯ ಇದೆಯಾ, ಇಲ್ಲದವರಿಗೆ ಭಯ ಇದೆಯಾ ಅಂತ ಹೋಲಿಸುವುದು.

ನನಗೆ ಇಷ್ಟವಾದದ್ದು ಒಂದು ಕ್ರಮ. ಮೊದಲು ಒಂದು ಸಣ್ಣ ಪ್ರಯೋಗ ಮಾಡಿಸುತ್ತಾರೆ. ಒಂದು ಮಧ್ಯಾಹ್ನ ಹೋಗಿ ನಾಲ್ಕು ಮನೆಯಲ್ಲಿ ಪ್ರಶ್ನೆ ಕೇಳಿ ನೋಡು, ಜನ ಉತ್ತರ ಕೊಡುತ್ತಾರಾ, ಉತ್ತರ ಉಪಯೋಗಕ್ಕೆ ಬರುತ್ತಾ, ಆಮೇಲೆ ವಿಷಯ ಗಟ್ಟಿ ಮಾಡು ಅಂತ. ನಮ್ಮ ಕಾಲದಲ್ಲಿ ಮೊದಲು ಹೆಸರು ಕೊಟ್ಟು ಸಹಿ ಹಾಕಿಸಿಕೊಂಡು ಆಮೇಲೆ ಹೊರಗೆ ಹೋಗುತ್ತಿದ್ದೆವು.

ನರಸಾಪುರ_ರಸ್ತೆ
ಎಲ್ಲರಿಗೂ ಧನ್ಯವಾದ. ಸಂತೆ ವಿಷಯ ತುಂಬ ಇಷ್ಟ ಆಯಿತು. ಆದರೆ ಮನಸ್ಸು ಕೆರೆ ಕಡೆಗೇ ಹೋಗುತ್ತಿದೆ. ನಮ್ಮ ಮನೆಯಲ್ಲಿ ದಿನಾ ಇದೇ ಮಾತು. ಅಪ್ಪ ಬೋರ್‌ನಲ್ಲಿ ನೀರು ಜಾಸ್ತಿ ಆಗಿದೆ ಅನ್ನುತ್ತಾರೆ, ಚಿಕ್ಕಪ್ಪ ಅದು ಮಳೆಯಿಂದ ಅನ್ನುತ್ತಾರೆ. "ಕೆ.ಸಿ. ವ್ಯಾಲಿ ನೀರಿನಿಂದ ಅಂತರ್ಜಲ ಏರಿದೆಯಾ?" ಅಂತ ಇಡಬಹುದಾ?

ಟೊಮೊಟೊ_ಮಂಡಿ
ಏರಿದೆ. ಇನ್ನೇನು ಪ್ರಶ್ನೆ ಅದರಲ್ಲಿ? ನಮ್ಮ ಹೊಲದಲ್ಲಿ 1200 ಅಡಿ ಬೋರ್ ಹಾಕಿದರೂ ಧೂಳು ಬರುತ್ತಿತ್ತು. ಈಗ ಎರಡು ಇಂಚು ನೀರು ಬರುತ್ತೆ. ನಿಮ್ಮ ಅಪ್ಪ ಹೇಳುವುದು ಸರಿ.

ಕಲ್ಲುಬಂಡೆ
ಅಣ್ಣಾ, ನಿಮ್ಮ ಬೋರ್‌ನಲ್ಲಿ ಬಂದಿದೆ, ಪಕ್ಕದವರ ಬೋರ್‌ನಲ್ಲಿ? ನಾನು ಭೂವಿಜ್ಞಾನ ಓದಿದವನು. ಕೋಲಾರದ ಕೆಳಗೆ ಗಟ್ಟಿ ಕಲ್ಲು, ನೈಸ್ ಮತ್ತು ಗ್ರಾನೈಟ್. ಮೇಲೆ ಸ್ವಲ್ಪ ಸವೆದ ಪದರ, ಅದರ ಕೆಳಗೆ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಕೆರೆಗೆ ಸೇರಿಕೊಂಡಿದ್ದರೆ ದೂರದ ಬೋರ್‌ಗೂ ನೀರು ಹೋಗುತ್ತೆ. ಸೇರಿಲ್ಲದಿದ್ದರೆ ಏರಿ ಪಕ್ಕದ ಬೋರ್ ಕೂಡ ಒಣಗಿರುತ್ತೆ. ಹಾಗಾಗಿ "ಏರಿದೆಯಾ" ಅನ್ನುವುದಕ್ಕಿಂತ "ಕೆರೆಯಿಂದ ದೂರ ಹೋದ ಹಾಗೆ ಏನಾಗುತ್ತೆ" ಅನ್ನುವುದು ಒಳ್ಳೆಯ ಪ್ರಶ್ನೆ.

ಇನ್ನೊಂದು. 2021ರಲ್ಲಿ ಕೋಲಾರದಲ್ಲಿ ಎಂಥ ಮಳೆ ಬಂತು ನೆನಪಿದೆಯಾ? ನವೆಂಬರ್‌ನಲ್ಲಿ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಅದಾದ ಮೇಲೆ ಬೋರ್ ತುಂಬಿದ್ದರೆ ಪುಣ್ಯ ಯಾರದು, ಮಳೆಯದ್ದಾ ಬೆಂಗಳೂರಿನ ನೀರಿನದ್ದಾ? ಚಿಕ್ಕಪ್ಪ ಹೇಳುವುದನ್ನೂ ತಳ್ಳಿಹಾಕುವ ಹಾಗಿಲ್ಲ.

ಟೊಮೊಟೊ_ಮಂಡಿ
ಮಳೆ ಒಂದು ವರ್ಷ ಬರುತ್ತೆ, ಹೋಗುತ್ತೆ. ಈ ನೀರು ಬೇಸಿಗೆಯಲ್ಲೂ ನಿಂತಿರುತ್ತೆ. ನಮ್ಮ ಕೆರೆ ಏಪ್ರಿಲ್‌ನಲ್ಲಿ ತುಂಬಿರುವುದನ್ನು ನಮ್ಮ ತಾತನೂ ನೋಡಿರಲಿಲ್ಲ.

ಉಪಗ್ರಹ_ನೋಟ
ನೋಡಿ, ಇದನ್ನೇ ಉಪಗ್ರಹದಲ್ಲಿ ತೋರಿಸಬಹುದು. ಏಪ್ರಿಲ್‌ನಲ್ಲಿ ಯಾವ ಕೆರೆಯಲ್ಲಿ ನೀರಿತ್ತು, ವರ್ಷ ವರ್ಷಕ್ಕೆ. ಅಣ್ಣನ ಮಾತಿಗೆ ಸಾಕ್ಷಿ ಸಿಕ್ಕಂತೆ ಆಯಿತು.

ಕೊಳಚೆ_ಬೇಡ
ಸಾಕ್ಷಿ ಏನು ಬೇಕು, ಅದು ಬೆಂಗಳೂರಿನ ಚರಂಡಿ ನೀರು. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಕಳಿಸುತ್ತಾರೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಬಂದದ್ದು, ಹೈಕೋರ್ಟ್ ತಡೆ ಕೊಟ್ಟದ್ದು, ಸುಪ್ರೀಂ ಕೋರ್ಟ್‌ವರೆಗೆ ಹೋದದ್ದು ಎಲ್ಲ ಮರೆತುಬಿಟ್ಟಿರಾ? ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಜನ ಕೇಳುತ್ತಲೇ ಇದ್ದಾರೆ. ತಮ್ಮಾ, ನೀರು ಎಷ್ಟು ಬಂತು ಅನ್ನುವುದಕ್ಕಿಂತ ಎಂಥ ನೀರು ಬಂತು ಅಂತ ಮಾಡು.

ಟೊಮೊಟೊ_ಮಂಡಿ
ಕುಡಿಯಲು ಯಾರು ಹೇಳಿದರು? ನೀರಿಲ್ಲದೆ ಊರು ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೋದವರನ್ನು ಕೇಳಿ.

ಕೊಳಚೆ_ಬೇಡ
ಕೆರೆ ನೀರು ಕೆಳಗೆ ಇಳಿದು ಬೋರ್‌ಗೆ ಹೋಗುತ್ತೆ, ಬೋರ್ ನೀರನ್ನು ಹಳ್ಳಿ ಜನ ಕುಡಿಯುತ್ತಾರೆ. ಇದನ್ನೂ ಹೇಳಿ.

ನಿರ್ವಾಹಕ
ಇಬ್ಬರ ಮಾತಿನಲ್ಲೂ ಹುರುಳಿದೆ. ಯೋಜನೆ ಬೇಕಾ ಬೇಡವಾ ಅನ್ನುವುದಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಹುಡುಗನ ಪ್ರಾಜೆಕ್ಟ್ ಬಗ್ಗೆ ಮಾತಾಡೋಣ.

ಪಾವಗಡದವಳು
ನಿಜ ಹೇಳಬೇಕೆಂದರೆ ಈ ಜಗಳವೇ ವಿಷಯ ಒಳ್ಳೆಯದು ಅನ್ನುವುದಕ್ಕೆ ಗುರುತು. ಊರಲ್ಲಿ ಜನ ಎರಡು ಪಕ್ಷ ಆಗಿದ್ದಾರೆ, ಯಾರ ಹತ್ತಿರವೂ ಅಳತೆ ಇಲ್ಲ. ಅಳೆದು ತಂದವನ ಮಾತಿಗೆ ಬೆಲೆ ಬರುತ್ತೆ.

ಆದರೆ ನೀರಿನ ಗುಣ ತಗೊಳ್ಳುವುದಾದರೆ ಹುಷಾರು. ಭಾರ ಲೋಹ, ಬ್ಯಾಕ್ಟೀರಿಯಾ ಎಲ್ಲ ಲ್ಯಾಬ್ ಕೆಲಸ, ದುಡ್ಡು ಬೇಕು. ಪೆನ್ ಥರ ಇರುವ ಟಿಡಿಎಸ್ ಮೀಟರ್ ಕೈಗೆಟಕುವ ಬೆಲೆಗೆ ಸಿಗುತ್ತೆ, ಆದರೆ ಅದು ಹೇಳುವುದು ಕರಗಿದ ಲವಣ ಎಷ್ಟಿದೆ ಅಂತ ಮಾತ್ರ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಗ್ರಾಂ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಮೀಟರ್‌ನಲ್ಲಿ 400 ಬಂತು ಅಂತ "ನೀರು ಶುದ್ಧ" ಅಂತ ಬರೆದರೆ ತಪ್ಪು. ಕೋಲಾರದಲ್ಲಿ ಫ್ಲೋರೈಡ್ ಕಾಟ ಮೊದಲಿನಿಂದ ಇದೆ, ಅದು 1.5 ಮಿಗ್ರಾಂ ದಾಟಿದರೇ ತೊಂದರೆ, ಟಿಡಿಎಸ್ ಮೀಟರ್ ಅದನ್ನು ತೋರಿಸುವುದೇ ಇಲ್ಲ.

ಭೂಗೋಳದ_ಮೇಷ್ಟ್ರು
ಈ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ವಿಷಯ ಆರಿಸುವುದು ಅಂದರೆ ಉಪಕರಣ ಆರಿಸುವುದೂ ಹೌದು. ನಿನ್ನ ಕೈಯಲ್ಲಿ ಏನಿದೆಯೋ ಅದು ಉತ್ತರ ಕೊಡಬಲ್ಲ ಪ್ರಶ್ನೆ ಕೇಳು.

ನರಸಾಪುರ_ರಸ್ತೆ
ಹಾಗಾದರೆ ಬೋರ್‌ವೆಲ್ ನೀರಿನ ಮಟ್ಟ ಅಳೆಯುವುದು ಹೇಗೆ? ಟೇಪ್ ಇಳಿಸಬಹುದಾ?

ಕಲ್ಲುಬಂಡೆ
ಬೇಡ. ಮೋಟರ್ ಇಳಿಸಿರುವ ಬೋರ್‌ಗೆ ಏನೂ ಇಳಿಸಬೇಡ. ಪೈಪ್, ಕೇಬಲ್, ಹಗ್ಗ ಎಲ್ಲ ಇರುತ್ತೆ, ಟೇಪ್ ಸಿಕ್ಕಿಹಾಕಿಕೊಂಡರೆ ರೈತನಿಗೆ ನಷ್ಟ. ಎರಡು ದಾರಿ ಇದೆ.

ಒಂದು, ತೆರೆದ ಬಾವಿ. ಹಳೇ ಬಾವಿಗಳು ಒಣಗಿ ಕಸ ತುಂಬಿಕೊಂಡಿದ್ದವು, ಈಗ ಕೆಲವದರಲ್ಲಿ ನೀರು ಬಂದಿದೆ ಅಂತ ಕೇಳಿದ್ದೇನೆ. ಅದರಲ್ಲಿ ಟೇಪ್‌ಗೆ ಭಾರ ಕಟ್ಟಿ ಇಳಿಸಿದರೆ ಮಟ್ಟ ಸಿಗುತ್ತೆ. ಬಾವಿ ಕಟ್ಟೆ ಇಲ್ಲದಿದ್ದರೆ ಒಬ್ಬನೇ ಹತ್ತಿರ ಹೋಗಬೇಡ, ಜೊತೆಗೆ ಯಾರಾದರೂ ಇರಲಿ.

ಇನ್ನೊಂದು, ಬೋರ್ ನೀರು ಹೊರಗೆ ಬೀಳುವ ಕಡೆ ಬಕೆಟ್ ಮತ್ತು ಸ್ಟಾಪ್‌ವಾಚ್. ಇಷ್ಟು ಲೀಟರ್ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬಿತು. ರೈತರು "ಒಂದೂವರೆ ಇಂಚು, ಎರಡು ಇಂಚು" ಅನ್ನುವುದು ಅಂದಾಜು, ಅದನ್ನೂ ಬರೆದುಕೊ, ಆದರೆ ನಿನ್ನ ಅಳತೆ ಬೇರೆ ಇರಲಿ. ಎಷ್ಟು ಹೊತ್ತು ಮೋಟರ್ ಓಡಿದ ಮೇಲೆ ಅಳೆದೆ ಅನ್ನುವುದೂ ಮುಖ್ಯ. ಸ್ವಿಚ್ ಹಾಕಿದ ತಕ್ಷಣ ಜೋರಾಗಿ ಬರುತ್ತೆ, ಆಮೇಲೆ ಇಳಿಯುತ್ತೆ. ಎಲ್ಲಾ ಕಡೆ ಒಂದೇ ಹೊತ್ತು ಬಿಟ್ಟು ಅಳೆಯಬೇಕು.

ಟೊಮೊಟೊ_ಮಂಡಿ
ಇದು ಸರಿಯಾದ ಮಾತು. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ ಕೇಳಿಕೊಂಡು ಬಾ, ಇಲ್ಲದಿದ್ದರೆ ಬಂದು ಸುಮ್ನೆ ಕೂರಬೇಕು.

ಇನ್ನೊಂದು ವಿಷಯ. ಊರಲ್ಲಿ ಜನ ನಿಜ ಹೇಳಲು ಹಿಂಜರಿಯುತ್ತಾರೆ. ಕೆರೆಯಿಂದ ನೇರವಾಗಿ ಮೋಟರ್ ಇಟ್ಟು ನೀರು ಎತ್ತುವ ಹಾಗಿಲ್ಲ, ತೂಬೂ ಮುಚ್ಚಿರುತ್ತೆ, ನೀರು ಇಂಗಲಿ ಅಂತಲೇ ಬಿಟ್ಟಿರುವುದು. ಹಾಗಾಗಿ ಯಾರಾದರೂ ಪುಸ್ತಕ ಹಿಡಿದುಕೊಂಡು ಬಂದು "ನೀರು ಎಲ್ಲಿಂದ" ಅಂತ ಕೇಳಿದರೆ ಇಲಾಖೆಯವನು ಅಂದುಕೊಳ್ಳುತ್ತಾರೆ. ಕಾಲೇಜಿನ ಪತ್ರ ತಗೊಂಡು ಬಾ. ಮೊದಲು ಬೆಳೆ ಬಗ್ಗೆ ಮಾತಾಡು. ಟೊಮೊಟೊ ರೇಟ್ ಕೇಳಿದರೆ ಯಾರಾದರೂ ಅರ್ಧ ಗಂಟೆ ಮಾತಾಡುತ್ತಾರೆ.

ಆಗುಂಬೆ_ಮಳೆ
ಈಗ ಬಾಕ್ಸ್‌ಗೆ ಎಷ್ಟಿದೆ ಅಣ್ಣ? 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ವಾ.

ಟೊಮೊಟೊ_ಮಂಡಿ
ದಾಟಿತ್ತು. ಆ ವರ್ಷ ಕೆಲವರು ಮನೆ ಕಟ್ಟಿದರು. ಅದನ್ನು ನೋಡಿ ಮುಂದಿನ ಸಲ ಎಲ್ಲರೂ ಟೊಮೊಟೊ ಇಟ್ಟರು, ರೇಟ್ ಬಿತ್ತು, ಬಿಡಿಸಿದ ಕೂಲಿ ಕೂಡ ಹುಟ್ಟಲಿಲ್ಲ. ನೀರು ಬಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳುವುದಿಲ್ಲ. ನೀರು ಬಂದ ಮೇಲೆ ರಾಗಿ, ಅವರೆ ಹಾಕುತ್ತಿದ್ದ ಹೊಲದಲ್ಲೂ ಟೊಮೊಟೊ, ಕ್ಯಾಪ್ಸಿಕಂ, ಹೂವು ಬಂದಿದೆ. ಸಾಲವೂ ಹೆಚ್ಚಾಗಿದೆ.

ಭೂಗೋಳದ_ಮೇಷ್ಟ್ರು
ಎಲ್ಲರೂ ಒಂದು ನಿಮಿಷ ನಿಲ್ಲಿ! ರೈತರು ಈಗ ಹೇಳಿದರಲ್ಲ, ರಾಗಿ ಹೋಗಿ ಟೊಮೊಟೊ ಬಂತು ಅಂತ. ಅದು ಕಣ್ಣಿಗೆ ಕಾಣುತ್ತೆ. ಅದಕ್ಕೆ ಯಾರ ಅನುಮತಿಯೂ ಬೇಡ, ಬಕೆಟ್ಟೂ ಬೇಡ. ರಸ್ತೆಯಲ್ಲಿ ನಡೆದು ಹೋಗುತ್ತಾ ಯಾವ ಹೊಲದಲ್ಲಿ ಏನಿದೆ ಅಂತ ಬರೆದುಕೊಳ್ಳಬಹುದು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರುತ್ತೆ, ಹಾಗಾಗಿ ಹೊಲ ಗುರುತಿಸುವುದು ಸುಲಭ. ಅಂತರ್ಜಲ ಏರಿತಾ ಅನ್ನುವುದು ಭೂವಿಜ್ಞಾನಿಗಳ ಪ್ರಶ್ನೆ. ನೀರು ಬಂದ ಮೇಲೆ ಜನ ಭೂಮಿಯನ್ನು ಹೇಗೆ ಬಳಸಿದರು, ಕೆರೆಯಿಂದ ದೂರ ಹೋದ ಹಾಗೆ ಅದು ಬದಲಾಗುತ್ತಾ ಅನ್ನುವುದು ನಮ್ಮ ಪ್ರಶ್ನೆ, ಭೂಗೋಳದ ಪ್ರಶ್ನೆ.

ಉಪಗ್ರಹ_ನೋಟ
ಒಪ್ಪಿದೆ ಸರ್. ಇಲ್ಲಿ ನನ್ನ ಕೆಲಸವೂ ಬರುತ್ತೆ. ಗೂಗಲ್ ಅರ್ಥ್‌ನಲ್ಲಿ ಹಳೇ ಚಿತ್ರ ನೋಡುವ ಸೌಲಭ್ಯ ಇದೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರಕ್ಕೆ ಮೊದಲು ನೀರು ಬಂದದ್ದು, ಹಾಗಾಗಿ 2017ರ ಬೇಸಿಗೆಯ ಚಿತ್ರ "ಮುಂಚೆ" ಅಂತ ಇಟ್ಟುಕೊ. ಈಗಿನದ್ದನ್ನು ನೀನೇ ನಡೆದು ನೋಡಿ ತುಂಬು. ಸೆಂಟಿನೆಲ್ ಚಿತ್ರದಿಂದ ಬೇಸಿಗೆಯ ಹಸಿರಿನ ಲೆಕ್ಕ ಜೊತೆಗೆ ಇಡು. ನಿನ್ನ ನಡಿಗೆಯ ಪಟ್ಟಿ, ನನ್ನ ಚಿತ್ರ ಎರಡೂ ಹೊಂದುತ್ತಾ ನೋಡೋಣ. ಕ್ಯೂಜಿಐಎಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳು, ಹೇಳಿಕೊಡುತ್ತೇನೆ.

ಕಲ್ಲುಬಂಡೆ
ಒಂದೇ ಕೆರೆ ತಗೊಂಡರೆ ಸಾಲದು. ನಾನು ಮೊದಲೇ ಹೇಳಿದ ಮಳೆ ವಿಷಯ ಇಲ್ಲೂ ಬರುತ್ತೆ. ಯೋಜನೆಯ ಮೊದಲ ಹಂತದಲ್ಲಿ 126 ಕೆರೆಗಳಿವೆ, ಎಲ್ಲಾ ಕೆರೆಯೂ ಅದರಲ್ಲಿಲ್ಲ. ಅದೇ ಹೋಬಳಿಯಲ್ಲಿ ಈ ನೀರು ಬಾರದ, ಸುಮಾರು ಅಷ್ಟೇ ದೊಡ್ಡ ಇನ್ನೊಂದು ಕೆರೆ ಹುಡುಕು. ಎರಡಕ್ಕೂ ಮಳೆ ಒಂದೇ, ಮಣ್ಣು ಒಂದೇ, ಪೈಪ್‌ಲೈನ್ ನೀರು ಮಾತ್ರ ವ್ಯತ್ಯಾಸ. ಎರಡೂ ಕಡೆ ಟೊಮೊಟೊ ಒಂದೇ ರೀತಿ ಹೆಚ್ಚಾಗಿದ್ದರೆ ಅದು ರೇಟ್‌ನಿಂದ, ಇಲ್ಲವೇ ಮಳೆಯಿಂದ. ಒಂದೇ ಕಡೆ ಹೆಚ್ಚಾಗಿದ್ದರೆ ಅಪ್ಪನ ಮಾತು ಗೆದ್ದಿತು.

ಕೊಳಚೆ_ಬೇಡ
ಇದಕ್ಕೆ ನನ್ನ ವಿರೋಧ ಇಲ್ಲ. ಆದರೆ ಹೂವು ಬೆಳೆದಿದ್ದಾರಾ ಸೊಪ್ಪು ಬೆಳೆದಿದ್ದಾರಾ ಅಂತ ಬೇರೆ ಬೇರೆ ಬರೆಯಲೇಬೇಕು. ಹಸಿಯಾಗಿ ತಿನ್ನುವ ಬೆಳೆ ಕೆರೆ ಪಕ್ಕದಲ್ಲಿ ಎಷ್ಟಿದೆ ಅನ್ನುವುದು ಜನರ ಆರೋಗ್ಯದ ವಿಷಯ.

ನರಸಾಪುರ_ರಸ್ತೆ
ಖಂಡಿತ ಬರೆಯುತ್ತೇನೆ. ಒಂದು ಅನುಮಾನ. ನೀಲಗಿರಿ ಇರುವ ಹೊಲ ಹೇಗೆ ಲೆಕ್ಕ ಹಾಕುವುದು? ನಮ್ಮ ಕಡೆ ತುಂಬ ಇದೆ.

ಭೂಗೋಳದ_ಮೇಷ್ಟ್ರು
ಅದಕ್ಕೆ ಬೇರೆ ಬಣ್ಣ. 2017ರಲ್ಲಿ ರಾಜ್ಯದಲ್ಲಿ ಹೊಸ ನೀಲಗಿರಿ ನೆಡುವುದಕ್ಕೆ ನಿಷೇಧ ಬಂತು. ಹಾಗಾಗಿ ನೀಲಗಿರಿ ತೆಗೆದು ತರಕಾರಿ ಹಾಕಿದ್ದರೆ ಕಾರಣ ನೀರೇ ಅಂತ ಹೇಳಿಬಿಡಬೇಡ, ಮಾಲೀಕರನ್ನು ಕೇಳು. ಇಂಥ ಕಡೆ ಬರುವ ಉತ್ತರಗಳೇ ಪ್ರಾಜೆಕ್ಟ್‌ಗೆ ತೂಕ ಕೊಡುವುದು.

ಲೆಸ್ಟರ್_ಕನ್ನಡತಿ
ಪ್ರಶ್ನೆ ಕೇಳುವ ರೀತಿ ಬಗ್ಗೆ ಒಂದು ಮಾತು. "ಕೆ.ಸಿ. ವ್ಯಾಲಿಯಿಂದ ನಿಮಗೆ ಅನುಕೂಲ ಆಗಿದೆಯಾ" ಅಂತ ಕೇಳಿದರೆ ಜನ ತಮ್ಮ ಪಕ್ಷದ ಉತ್ತರ ಕೊಡುತ್ತಾರೆ. "ನೋಟು ರದ್ದತಿಗೆ ಮುಂಚೆ ಈ ಹೊಲದಲ್ಲಿ ಬೇಸಿಗೆಯಲ್ಲಿ ಏನು ಬೆಳೆಯುತ್ತಿದ್ದಿರಿ" ಅಂತ ಕೇಳಿದರೆ ನೆನಪು ಮಾಡಿಕೊಂಡು ಹೇಳುತ್ತಾರೆ. ಇಸವಿ ಕೇಳಬೇಡ, ಎಲ್ಲರಿಗೂ ನೆನಪಿರುವ ಘಟನೆ ಹಿಡಿದು ಕೇಳು.

ಪಾವಗಡದವಳು
ಹೌದು ಅಕ್ಕ, ನಾನೂ ಹಾಗೇ ಮಾಡಿದ್ದೆ. ಹಾಗೆಯೇ ಹೆಂಗಸರನ್ನೂ ಕೇಳು ತಮ್ಮಾ. ಗಂಡಸರು ಬೋರ್ ಬಗ್ಗೆ ಮಾತಾಡುತ್ತಾರೆ, ಕೆಲಸಕ್ಕೆ ಎಷ್ಟು ಆಳು ಬೇಕಾಯಿತು, ಯಾರು ಬಿಡಿಸಿದರು ಅನ್ನುವುದು ಹೆಂಗಸರಿಗೆ ಗೊತ್ತಿರುತ್ತೆ.

ಸಂತೆ_ಸುತ್ತಾಟ
ನನ್ನ ಸಂತೆ ಯಾರೂ ತಗೊಳ್ಳಲಿಲ್ಲ. ಇರಲಿ, ಮುಂದಿನ ವರ್ಷದವರು ಯಾರಾದರೂ ಇದ್ದರೆ ಹೇಳಿ, ನಮ್ಮ ಕಡೆಯ ಸಂತೆಗಳ ದಿನದ ಪಟ್ಟಿ ನನ್ನ ಹತ್ತಿರ ಇದೆ.

ಕಡಲತಡಿ
ನನ್ನ ತಂಗಿ ಮುಂದಿನ ವರ್ಷ ಮಾಡಬೇಕು. ಪಟ್ಟಿ ಕಳಿಸಿ, ಕುಂದಾಪುರದ ಸಂತೆ ಜೊತೆ ಹೋಲಿಸಬಹುದು.

ನರಸಾಪುರ_ರಸ್ತೆ
ಇವತ್ತು ಮೇಡಂಗೆ ತೋರಿಸಿದೆ. ಹೆಸರು ಹೀಗೆ ಬರೆದಿದ್ದೇನೆ: "ಸಂಸ್ಕರಿತ ನೀರು ತುಂಬಿದ ಕೆರೆಯಿಂದ ದೂರ ಹೋದ ಹಾಗೆ ಬೇಸಿಗೆ ಬೆಳೆ ಬದಲಾಗುತ್ತದೆಯೇ? ಕೋಲಾರ ತಾಲ್ಲೂಕಿನ ಎರಡು ಕೆರೆಗಳ ಹೋಲಿಕೆ". ಮೇಡಂ ಒಪ್ಪಿದರು! ಏರಿಯಿಂದ ಕೆಳಗೆ 2 ಕಿಮೀವರೆಗೆ ನಡೆದು, ಪ್ರತಿ 100 ಮೀಟರ್‌ಗೆ ಎರಡೂ ಬದಿಯ ಹೊಲ ಬರೆದುಕೊಳ್ಳುತ್ತೇನೆ. ಎರಡೂ ಕೆರೆಯಲ್ಲಿ ಹೀಗೇ. ಸ್ಪಿಯರ್‌ಮನ್ ಸಹಸಂಬಂಧ (ದೂರಕ್ಕೂ ಬೆಳೆಗೂ ನಂಟು ಎಷ್ಟು ಗಟ್ಟಿ ಅಂತ ಹೇಳುವ ಲೆಕ್ಕ) ಹಾಕು ಅಂದಿದ್ದಾರೆ. ಟೋಪೋ ನಕ್ಷೆ (ಸರ್ವೆ ಆಫ್ ಇಂಡಿಯಾದ ಭೂಲಕ್ಷಣ ನಕ್ಷೆ) ಯಾವ ನಂಬರ್ ಬೇಕು?

ಭೂಗೋಳದ_ಮೇಷ್ಟ್ರು
ಸಂತೋಷ ಆಯಿತು. ಕೋಲಾರ ಪಟ್ಟಣ 57 ಕೆ/4ರಲ್ಲಿ ಬರುತ್ತೆ. 78 ಡಿಗ್ರಿ ರೇಖಾಂಶ ಪಟ್ಟಣದ ಪಶ್ಚಿಮಕ್ಕೆ ಹಾದುಹೋಗುತ್ತೆ, ನಿನ್ನ ಕೆರೆ ಆ ಗೆರೆಯ ಆಚೆ ಇದ್ದರೆ ಪಕ್ಕದ 57 ಜಿ/16 ಕೂಡ ಬೇಕು. ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲಿ ಲಾಗಿನ್ ಆಗಿ ಇಳಿಸಿಕೊಳ್ಳಬಹುದು, ಅಲ್ಲಿ ಹೊಸ ನಂಬರ್ ಇರುತ್ತೆ, ಹಳೆಯದಕ್ಕೆ ಹೊಂದಿಸಿ ನೋಡು. ಒಂದು ತಿದ್ದುಪಡಿ: ಏರಿ ಕೆಳಗೆ ಮಾತ್ರ ಬೇಡ. ಕೆರೆಯ ಮೇಲ್ಭಾಗಕ್ಕೂ ಒಂದು ಗೆರೆ ನಡೆ. ನೀರು ಕೆಳಕ್ಕೆ ಮಾತ್ರ ಇಂಗಿ ಹೋಗುತ್ತಾ ಅನ್ನುವುದು ಆಗ ತಿಳಿಯುತ್ತೆ.

ಕಲ್ಲುಬಂಡೆ
ಸಂಬಂಧ ಏನೂ ಕಾಣಲಿಲ್ಲ ಅಂದರೆ ಹಾಗೇ ಬರಿ. ಬಿರುಕು ಕಲ್ಲಿನ ನೆಲದಲ್ಲಿ ಹಾಗಾಗುವುದು ಸಹಜ, ಅದೂ ಉತ್ತರವೇ. ಅಂಕಿ ತಿದ್ದಲು ಹೋಗಬೇಡ.

ಟೊಮೊಟೊ_ಮಂಡಿ
ತಮ್ಮಾ, ನೀನು ಹೇಳಿದ ಗೆರೆ ನಮ್ಮ ಹೊಲದ ಮೇಲೇ ಹೋಗುವ ಹಾಗೆ ಕಾಣುತ್ತೆ. ಬರುವ ಮುಂಚೆ ಇಲ್ಲೇ ಮೆಸೇಜ್ ಹಾಕು. ನಮ್ಮದೊಂದು ತೆರೆದ ಬಾವಿ ಇದೆ, ಪಕ್ಕದವರದ್ದನ್ನೂ ಕೇಳಿ ಇಟ್ಟಿರುತ್ತೇನೆ. ಬೆಳೆ ಜೊತೆಗೆ ಅದರ ಮಟ್ಟವನ್ನೂ ಬರೆದುಕೊಂಡು ಹೋಗು. ಬೆಳಿಗ್ಗೆ ಬೇಗ ಬಾ, ಮೋಟರ್ ಶುರು ಮಾಡಿದರೆ ಮಟ್ಟ ಇಳಿದುಬಿಡುತ್ತೆ.